ಹೋಗುವ ತಟ್ಟೆ, ಬರುವ ತಟ್ಟೆ

ಮಾರುಕಟ್ಟೆಯ ಹಿಂದುಗಡೆ, ಚಪ್ಪಲಿ ಹೊಲಿಯುವವನ ಗೂಡಿಗೂ ಜೆರಾಕ್ಸ್ ಅಂಗಡಿಗೂ ನಡುವೆ ಒಂದು ಅಂಗಡಿ. ಎಷ್ಟು ಚಿಕ್ಕದೆಂದರೆ ಒಳಗೆ ಇಬ್ಬರು ನಿಂತರೆ ಮೂರನೆಯವನು ಸೀನಲು ರಸ್ತೆಗೆ ಹೋಗಬೇಕು. ಅಲ್ಲಿ ನಲವತ್ತು ವರ್ಷದಿಂದ ತಕ್ಕಡಿ ರಿಪೇರಿ ಮಾಡುತ್ತಾ ಕೂತವನೇ ಮುಳ್ಳಣ್ಣ. ಹೆತ್ತವರು ಇಟ್ಟ ಹೆಸರು ಬೇರೆ ಏನೋ ಇತ್ತು. ಆದರೆ ತಕ್ಕಡಿಯ ಮುಳ್ಳು ಒಂದು ಕೂದಲೆಳೆ ಓರೆಯಾದರೂ ಇವನಿಗೆ ಗಂಟಲಲ್ಲಿ ಅನ್ನ ಇಳಿಯುತ್ತಿರಲಿಲ್ಲ, ಹಾಗಾಗಿ ಊರೇ ಸೇರಿ ಈ ಹೆಸರು ಕೊಟ್ಟಿತು. ಅಂಚೆಯವನೂ ಅದೇ ಹೆಸರಿಗೆ ಕಾಗದ ತಂದುಕೊಡುತ್ತಿದ್ದ.

ಅವನ ಕೈಯ ಹದದ ಬಗ್ಗೆ ಬೇಕಾದಷ್ಟು ಕತೆಗಳಿವೆ. ಒಮ್ಮೆ ತೂಕದ ಇಲಾಖೆಯ ಇನ್ಸ್‌ಪೆಕ್ಟರ್ ಹೊಸ ತೂಕದ ಕಲ್ಲೊಂದನ್ನು ತೋರಿಸಲು ತಂದಿದ್ದರಂತೆ. ಇವನು ಅದನ್ನು ಅಂಗೈ ಮೇಲಿಟ್ಟುಕೊಂಡು, "ಸಾರ್, ಇದು ಅರ್ಧ ಸಾಸಿವೆಯಷ್ಟು ಕಮ್ಮಿ" ಅಂದನಂತೆ. ತೂಗಿ ನೋಡಿದರೆ ಅರ್ಧ ಸಾಸಿವೆಯೇ ಕಮ್ಮಿ! ಇನ್ನೊಮ್ಮೆ ತಟ್ಟೆಯ ಮೇಲೆ ನೊಣ ಕೂತಾಗ, "ಈ ನೊಣದ ಊಟ ಆಗಿದೆ" ಅಂದಿದ್ದನಂತೆ. ನೊಣವನ್ನು ಕೇಳಿ ಖಾತ್ರಿ ಮಾಡಿಕೊಂಡವರು ಯಾರೂ ಇಲ್ಲ, ಆದರೆ ಅಲ್ಲವೆಂದು ಹೇಳಿದವರೂ ಇಲ್ಲ.

ಮುಳ್ಳಣ್ಣನ ಬಾಳಿಗೆಲ್ಲ ಒಂದೇ ಪಾಠ. ರಿಪೇರಿಯಾದ ತಕ್ಕಡಿಯ ಎಡತಟ್ಟೆಗೆ ಕಲ್ಲು, ಬಲತಟ್ಟೆಗೆ ಈರುಳ್ಳಿ ಹಾಕಿ ತೂಗುತ್ತಿದ್ದ. ಆಮೇಲೆ ಅದಲು ಬದಲು ಮಾಡಿ, ಈರುಳ್ಳಿ ಎಡಕ್ಕೆ, ಕಲ್ಲು ಬಲಕ್ಕೆ. "ಈ ಕಡೆಯಿಂದ ತೂಗಿದ್ರೂ ಆ ಕಡೆಯಿಂದ ತೂಗಿದ್ರೂ ಒಂದೇ ಬರ್ಬೇಕು. ಬರ್ಲಿಲ್ಲ ಅಂದ್ರೆ ಅದು ತಕ್ಕಡಿ ಅಲ್ಲ, ಕಳ್ಳ" ಅನ್ನುತ್ತಿದ್ದ. ತೂಗುವಾಗ ಮೆಲ್ಲಗೆ ತಟ್ಟೆಯ ಅಂಚಿಗೆ ಹೆಬ್ಬೆರಳು ತಾಗಿಸುವ ವ್ಯಾಪಾರಿಗಳನ್ನು ಕಂಡರಂತೂ ಅವನಿಗೆ ಮೈಯೆಲ್ಲ ಉರಿ. ಅಂಥವರ ತಕ್ಕಡಿಯನ್ನು ರಿಪೇರಿಗೂ ಮುಟ್ಟುತ್ತಿರಲಿಲ್ಲ.

ಇಂಥವನಿಗೆ ಒಬ್ಬಳು ಅಕ್ಕ. ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಅವಳು ಫೋನ್ ಕಟ್ ಮಾಡಿದರೆ ಸರ್ಕಾರವೇ ಕಟ್ ಮಾಡಿದ ಹಾಗಿರುತ್ತಿತ್ತು. ದೂರದಲ್ಲಿ, ಕಡಲ ದಂಡೆಯ ಊರಲ್ಲಿ ಮನೆ. ಮಕ್ಕಳಿಲ್ಲ. ಭಾವ ತೀರಿಕೊಂಡು ಹನ್ನೊಂದು ವರ್ಷ ಆಗಿತ್ತು. ಅಕ್ಕ ತಮ್ಮ ಒಬ್ಬರ ಮುಖ ಒಬ್ಬರು ನೋಡಿಯೂ ಅಷ್ಟೇ ವರ್ಷ.

ಹಾಗಂತ ಜಗಳವಾಗಿ ಮಾತು ಬಿಟ್ಟಿದ್ದರು ಅಂದುಕೊಳ್ಳಬೇಡಿ. ಮಾತು ಬಿಟ್ಟಿದ್ದರೆ ಎಷ್ಟೋ ವಾಸಿಯಿತ್ತು ಅಂತ ಮುಳ್ಳಣ್ಣನ ಹೆಂಡತಿಯೇ ಹೇಳುತ್ತಿದ್ದಳು. ಪ್ರತಿ ಭಾನುವಾರ ಬೆಳಿಗ್ಗೆ ಫೋನು. ಪ್ರತಿ ಭಾನುವಾರ ಅದೇ ವ್ಯಾಜ್ಯ.

"ಯಾವಾಗ ಬರ್ತೀಯೋ?"

"ನಾನ್ಯಾಕೆ ಬರ್ಲಿ? ಭಾವ ಹೋದಾಗ ಬಂದಿದ್ನಲ್ಲ. ಈಗ ಸರದಿ ನಿಂದು."

"ಸಾವಿಗೆ ಬಂದಿದ್ದೂ ಬಂದಿದ್ದು ಅಂತ ಎಣಿಸ್ತೀಯೇನೋ? ನಾಚಿಕೆ ಆಗಲ್ವಾ? ಅದಕ್ಕೂ ಮುಂಚೆ ನಾನು ಎರಡು ಸಲ ಬಂದಿದ್ದೆ."

"ಒಂದು ಸಲ ನಿನ್ನ ಆಫೀಸ್ ಕೆಲಸಕ್ಕೆ ಬಂದಿದ್ದೆ. ನಮ್ಮನೇಲಿ ಊಟ ಮಾಡಿದೆ ಅಷ್ಟೆ."

ಸರ್ಕಾರ ಫೋನ್ ಕಟ್ ಮಾಡುತ್ತಿತ್ತು.

ಚಿಕ್ಕಂದಿನಿಂದಲೂ ಇದೇ ಕತೆ. ಅಪ್ಪನ ದವಸದ ಮಂಡಿಯಲ್ಲಿ ಮೂಟೆ ತೂಗುವ ದೊಡ್ಡ ತಕ್ಕಡಿಯಿತ್ತು. ಅದರ ಎರಡು ತಟ್ಟೆಗಳಲ್ಲಿ ಇಬ್ಬರೂ ಕೂತು ಉಯ್ಯಾಲೆಯಾಡುತ್ತಿದ್ದರು. ಅಕ್ಕ ಲಂಗದ ಮಡಿಕೆಯಲ್ಲಿ ತೂಕದ ಕಲ್ಲು ಬಚ್ಚಿಟ್ಟುಕೊಂಡು ಕೂರುತ್ತಿದ್ದಳು. ತಮ್ಮ ಮೇಲೆ ತೇಲಿಹೋಗಿ ಗಾಳಿಯಲ್ಲಿ ಕಾಲು ಬಡಿಯುತ್ತಾ, "ಮೋಸ! ಮೋಸ!" ಅಂತ ಬೊಬ್ಬೆ ಹೊಡೆಯುತ್ತಿದ್ದ. ಅವನು ತಕ್ಕಡಿ ರಿಪೇರಿಗೆ ಇಳಿದದ್ದೇ ಆ ಸಿಟ್ಟಿಗೆ ಅನ್ನುವವರೂ ಇದ್ದಾರೆ.

ಹೀಗಿರುವಾಗ ಒಂದು ಭಾನುವಾರ ಅಕ್ಕನ ದನಿ ಬೇರೆಯಾಗಿತ್ತು.

"ಲೋ, ಎರಡೂ ಕಣ್ಣಿಗೆ ಪೊರೆ ಬಂದಿದೆ ಅಂತೆ. ಬರೋ ವಾರ ಬಿಟ್ಟು ಅದರ ಮುಂದಿನ ಗುರುವಾರ ಬಲಗಣ್ಣಿಗೆ ಆಪರೇಷನ್. ಶುಕ್ರವಾರ ಬೆಳಿಗ್ಗೆ ಕಟ್ಟು ಬಿಚ್ತಾರೆ."

"ಜೊತೆಗೆ ಯಾರಿದ್ದಾರೆ?"

"ಪಕ್ಕದ ಮನೆ ನರ್ಸ್ ಇದ್ದಾಳೆ, ಅದಕ್ಕೇನೂ ಚಿಂತೆ ಇಲ್ಲ. ಆದ್ರೆ ಕಟ್ಟು ಬಿಚ್ಚಿದಾಗ ಎದುರಿಗೆ ನೀನು ಇರ್ಬೇಕು."

"ನನ್ನ ಮೋರೆ ನೋಡೋಕೆ ಆಪರೇಷನ್ ಬೇರೆ ಕೇಡು!"

"ಮೋರೆ ಹೇಗಿತ್ತು ಅನ್ನೋದೇ ಮರೀತಾ ಇದೆ ಕಣೋ" ಅಂದಳು ಅಕ್ಕ. "ಎರಡು ವರ್ಷದಿಂದ ನಿನ್ನ ಫೋಟೋನೂ ಕಾಣಲ್ಲ ನಂಗೆ. ಬರೀ ಬಿಳೀ ಮಸುಕು."

ಎರಡು ವರ್ಷದಿಂದ ಕಾಣದೆ ಇದ್ದದ್ದನ್ನು ನೂರು ಭಾನುವಾರ ಮಾತಾಡಿಯೂ ಅವಳು ಹೇಳಿರಲಿಲ್ಲ. ಮುಳ್ಳಣ್ಣ ಫೋನನ್ನು ಈ ಕಿವಿಯಿಂದ ಆ ಕಿವಿಗೆ ಬದಲಿಸಿದ. ಆದರೂ ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲವಲ್ಲ, "ಬರ್ತೀನಿ. ಆದ್ರೆ ಸರದಿ ನಿಂದೇ" ಅಂದ. ಅಷ್ಟರಲ್ಲಿ ಫೋನ್ ಕಟ್ಟಾಗಿತ್ತು.

ರೈಲಿಗೆ ಎರಡೂವರೆ ದಿನದ ದಾರಿ. ಶಾಲೆಗಳಿಗೆ ರಜೆ ಬಿಟ್ಟಿದ್ದರಿಂದ ರೈಲಿನಲ್ಲಿ ನಿಲ್ಲಲೂ ಜಾಗವಿರಲಿಲ್ಲ. ಉಳಿದದ್ದು ವಿಮಾನ. ಮುಳ್ಳಣ್ಣ ಪಕ್ಕದ ಜೆರಾಕ್ಸ್ ಅಂಗಡಿಗೆ ಹೋದ. ಆ ಅಂಗಡಿಯಾಕೆ ಜೆರಾಕ್ಸ್ ಜೊತೆಗೆ ಟಿಕೆಟ್ ಬುಕ್ ಮಾಡಿಕೊಡುತ್ತಿದ್ದಳು, ಲ್ಯಾಮಿನೇಷನ್ ಮಾಡುತ್ತಿದ್ದಳು, ಕೇಳಿದರೂ ಕೇಳದಿದ್ದರೂ ಬುದ್ಧಿ ಹೇಳುತ್ತಿದ್ದಳು. ಕಂಪ್ಯೂಟರ್ ಒತ್ತಿ ದರ ಹೇಳಿದಳು. ಮುಳ್ಳಣ್ಣ ಸ್ಟೂಲಿನ ಮೇಲೆ ಕೂತುಬಿಟ್ಟ.

"ಇದೇನು ತಾಯಿ, ವಿಮಾನದ ದರ ಹೇಳು ಅಂದ್ರೆ ವಿಮಾನದ್ದೇ ಬೆಲೆ ಹೇಳ್ತೀಯಲ್ಲ?"

"ನಾನೇನು ಮಾಡ್ಲಿ ಅಣ್ಣ? ರಜೆ ನೋಡಿ. ಎಲ್ರೂ ಕಡಲು ನೋಡೋಕೆ ಆ ಕಡೆ ಹೊರಟಿದ್ದಾರೆ."

"ಸರಿ. ವಾಪಸ್ ಬರೋಕೆ?"

ಮತ್ತೆ ಒತ್ತಿದಳು. "ಅಲ್ಲಿಂದ ಇಲ್ಲಿಗಾ? ಅಗ್ಗ. ಮೂರರಲ್ಲಿ ಒಂದು ಪಾಲು."

ಮುಳ್ಳಣ್ಣ ಎದ್ದು ನಿಂತ. "ಅದೇ ವಿಮಾನ ತಾನೆ?"

"ಹ್ಞೂಂ."

"ಅದೇ ದಾರಿ ತಾನೆ? ಅದೇ ಸೀಟು ತಾನೆ? ಹೋಗ್ತಾ ಏರು, ಬರ್ತಾ ಇಳಿಜಾರಾ ಆಕಾಶದಲ್ಲಿ?"

"ಅಣ್ಣ, ಹೋಗೋರು ಜಾಸ್ತಿ, ಬರೋರು ಕಮ್ಮಿ. ಜನ ಮುಗಿಬಿದ್ರೆ ದರ ಏರಿಸ್ತಾರೆ. ಬರ್ತಾ ಖಾಲಿ ಬರೋದಕ್ಕಿಂತ ಅಗ್ಗಕ್ಕಾದ್ರೂ ನಾಲ್ಕು ಜನ ಕೂರಲಿ ಅಂತ ಇಳಿಸ್ತಾರೆ. ಮನೆ ಸಾಮಾನು ಸಾಗಿಸೋ ಲಾರಿಯವನು ವಾಪಸ್ ಬರೋವಾಗ ಅರ್ಧ ಬಾಡಿಗೆಗೆ ಒಪ್ಪಲ್ವಾ? ಹಾಗೇ."

"ನಲವತ್ತು ವರ್ಷ ತಕ್ಕಡಿ ನೋಡಿದ್ದೀನಿ" ಅಂದ ಮುಳ್ಳಣ್ಣ, ಕೈಯನ್ನೇ ತಟ್ಟೆ ಮಾಡಿ ತೋರಿಸುತ್ತಾ. "ಭಾರ ಜಾಸ್ತಿ ಆದ್ರೆ ತಟ್ಟೆ ಕೆಳಗೆ ಹೋಗುತ್ತೆ. ಭಾರ ಜಾಸ್ತಿ ಆದಷ್ಟೂ ಮೇಲಕ್ಕೆ ಹೋಗೋ ತಟ್ಟೆ ಇದೊಂದೇ ನೋಡಿದ್ದು ನಾನು."

ಆ ರಾತ್ರಿ ಅವನಿಗೆ ನಿದ್ದೆ ಬರಲಿಲ್ಲ, ಹೆಂಡತಿಗೂ ಬರಗೊಡಲಿಲ್ಲ. ಬೆಳಿಗ್ಗೆ ಎದ್ದವನ ಮುಖದಲ್ಲಿ ಆಕಾಶಕ್ಕೇ ಕನ್ನ ಹಾಕಿ ಬಂದವನ ಕಳೆಯಿತ್ತು. ನೇರ ಜೆರಾಕ್ಸ್ ಅಂಗಡಿಗೆ ಹೋದ.

"ತಾಯಿ, ಆ ಊರಿಂದ ಹೊರಟು ಇಲ್ಲಿಗೆ ಬಂದು, ಮತ್ತೆ ಆ ಊರಿಗೆ ಹೋಗೋರಿಗೆ ಹೋಗಿಬರೋ ಟಿಕೆಟ್ ಎಷ್ಟು?"

ಅವಳು ನೋಡಿ ಹುಬ್ಬೇರಿಸಿದಳು. ಎರಡು ದಾರಿಯ ಟಿಕೆಟ್ಟು, ಇಲ್ಲಿಂದ ಒಂದು ದಾರಿ ಹೋಗುವುದರ ಅರ್ಧಕ್ಕೆ!

"ಹಾಕು. ಸೋಮವಾರ ಅಲ್ಲಿಂದ ಇಲ್ಲಿಗೆ. ಬುಧವಾರ ಇಲ್ಲಿಂದ ಅಲ್ಲಿಗೆ."

"ಸೋಮವಾರ ನೀವು ಅಲ್ಲಿ ಇರಲ್ವಲ್ಲ ಅಣ್ಣ?"

"ಇರಲ್ಲ. ಇಲ್ಲೇ ಇರ್ತೀನಿ. ನನ್ನನ್ನ ಕರ್ಕೊಂಡು ಬರೋ ಶ್ರಮ ಅವರಿಗೆ ಉಳೀತು. ನಾನೊಬ್ಬ ಕಮ್ಮಿ ಅಂತ ವಿಮಾನ ಹಗುರ ಆಗುತ್ತೆ, ಎಣ್ಣೆ ಉಳಿಯುತ್ತೆ. ಥ್ಯಾಂಕ್ಸ್ ಹೇಳ್ಬೇಕು ಅವರು."

ಜೆರಾಕ್ಸ್ ಅಂಗಡಿಯಾಕೆಗೆ ಏನೋ ಸರಿ ಕಾಣಲಿಲ್ಲ. "ನಿಯಮ ಒಮ್ಮೆ ಓದೋಣ ಇರಿ" ಅಂದಳು. "ನಿಯಮ ಓದೋಕೆ ಕೂತ್ರೆ ಅಕ್ಕನ ಇನ್ನೊಂದು ಕಣ್ಣಿಗೂ ಪೊರೆ ಬಲಿಯುತ್ತೆ, ಹಾಕು ತಾಯಿ" ಅಂದ. ಜೀವನದಲ್ಲಿ ಮೊದಲ ಬಾರಿಗೆ ಅವಳು ಬುದ್ಧಿ ಹೇಳದೆ ಸುಮ್ಮನಾದದ್ದು ಅವತ್ತೇ, ಸುಮ್ಮನಿರಬಾರದಿದ್ದದ್ದೂ ಅವತ್ತೇ.

ಸೋಮವಾರ ಮಧ್ಯಾಹ್ನ ಆ ವಿಮಾನ ಇಳಿಯುವ ಹೊತ್ತಿಗೆ ಮುಳ್ಳಣ್ಣ ಅಂಗಡಿಯ ಮುಂದೆ ನಿಂತು ಆಕಾಶ ನೋಡಿ, "ಅಗೋ, ನಾನು ಬಂದೆ" ಅಂತ ಚಪ್ಪಲಿ ಹೊಲಿಯುವವನಿಗೆ ಹೇಳಿದ. ಅವನು ತಲೆಯೆತ್ತಿ ನೋಡಿ, "ಸುಸ್ತಾಗಿರ್ಬೇಕು, ಟೀ ಕುಡೀರಿ" ಅಂದ.

ಬುಧವಾರ. ಕೌಂಟರಿನ ಮುಂದೆ ಉದ್ದ ಸಾಲು, ಎಲ್ಲರ ತಲೆಯ ಮೇಲೂ ಹೊಸ ಹ್ಯಾಟು, ಮಕ್ಕಳ ಕಂಕುಳಲ್ಲಿ ಗಾಳಿ ತುಂಬುವ ಬಾತುಕೋಳಿ. ಮುಳ್ಳಣ್ಣನ ಸರದಿ ಬಂತು. ಕೌಂಟರಿನ ಹುಡುಗಿ ಕಂಪ್ಯೂಟರ್ ನೋಡಿದಳು, ಅವನನ್ನು ನೋಡಿದಳು, ಮತ್ತೆ ಕಂಪ್ಯೂಟರ್ ನೋಡಿದಳು.

"ಸರ್, ಈ ಟಿಕೆಟ್ ರದ್ದಾಗಿದೆ."

"ಯಾರು ಮಾಡಿದ್ದು?"

"ತಾನಾಗೇ ಆಗಿದೆ ಸರ್. ಸೋಮವಾರ ನೀವು ವಿಮಾನ ಹತ್ತಿಲ್ಲ. ಮೊದಲನೇ ಪ್ರಯಾಣ ಮಾಡ್ದೆ ಇದ್ರೆ ಎರಡನೇದೂ ರದ್ದಾಗುತ್ತೆ. ನೀವು ಬಂದಿಲ್ಲ, ಹಾಗಾಗಿ ಹೋಗೋಕಾಗಲ್ಲ."

"ನಾನು ಬಂದಿಲ್ವಾ? ಮತ್ತೆ ನಿಮ್ಮೆದುರಿಗೆ ನಿಂತಿರೋದು ಯಾರು? ನನ್ನ ಅಣ್ಣನಾ?"

"ಅಲ್ಲಿಂದ ಬಂದಿಲ್ಲ ಸರ್."

"ಇಲ್ಲೇ ಇದ್ದವನು ಅಲ್ಲಿಂದ ಯಾಕಮ್ಮ ಬರ್ಬೇಕು? ನಾಳೆ ನೀನು ಆಫೀಸಿಗೆ ಬಂದೆ ಅಂತಿಟ್ಕೋ. 'ನೀನು ಮನೆಗೇ ಹೋಗಿಲ್ಲ, ಹಾಗಾಗಿ ಬಂದಿಲ್ಲ' ಅಂದ್ರೆ ಹೇಗಿರುತ್ತೆ?"

ಹುಡುಗಿ ಒಂದು ಕ್ಷಣ ಯೋಚಿಸಿದಳು. "ಎಷ್ಟೋ ದಿನ ಹಾಗೇ ಅನ್ಸುತ್ತೆ ಸರ್" ಅಂದಳು, ಪಾಪ. ಆದರೆ ಕಂಪ್ಯೂಟರ್ ಕರಗಲಿಲ್ಲ.

ಇಷ್ಟರಲ್ಲಿ ಮುಳ್ಳಣ್ಣನ ಚೀಲ ಪಕ್ಕದಲ್ಲಿ ಚೀಲಗಳನ್ನು ತೂಗಿ ಒಳಗೆ ಸಾಗಿಸುವ ಪಟ್ಟಿಯ ಮೇಲಿತ್ತು. ಅವನ ಕಣ್ಣು ಅಂಕಿಯ ಮೇಲೆ ಬಿತ್ತು. ಮನೆಯಲ್ಲಿ ತೂಗಿ ತಂದ ಚೀಲ ಇಲ್ಲಿ ಕಾಲು ಕೆಜಿ ಜಾಸ್ತಿ! ಅವನು ಚೀಲ ಬಿಚ್ಚಿ ಹಿತ್ತಾಳೆಯ ಒಂದು ಕೆಜಿ ಕಲ್ಲು ತೆಗೆದು ಪಟ್ಟಿಯ ಮೇಲಿಟ್ಟ. ಅಕ್ಕನ ಮನೆಗೆ ಹೋಗುವಾಗ ತೂಕದ ಕಲ್ಲು ಯಾಕೆ ಬೇಕಿತ್ತು ಅಂತ ಕೇಳಬೇಡಿ. ಕೆಲವರು ಹಲ್ಲುಜ್ಜುವ ಬ್ರಷ್ ಮರೆತಾರು, ಇವನು ಕಲ್ಲು ಮರೆಯುವವನಲ್ಲ. ಒಂದು ಕಾಲು ಕೆಜಿ ಅಂತ ತೋರಿಸಿತು.

"ನೋಡಿ! ನೋಡಿ!" ಅಂತ ಸಾಲಿನ ಕಡೆ ತಿರುಗಿದ. "ದರವೂ ಓರೆ, ತಕ್ಕಡಿಯೂ ಓರೆ!"

ಹ್ಯಾಟಿನವರೆಲ್ಲ ಗದ್ದಲವೆಬ್ಬಿಸಿದರು. ಹೆಚ್ಚು ತೂಕಕ್ಕೆ ದಂಡ ಕಟ್ಟಿದ್ದ ದಪ್ಪನೆಯವನೊಬ್ಬ ಮುಳ್ಳಣ್ಣನ ಕೈ ಕುಲುಕಿದ. ಯಾರೋ ಅಧಿಕಾರಿ ಓಡಿಬಂದು ಪಟ್ಟಿಯ ಮೇಲೆ 'ಕೆಟ್ಟಿದೆ' ಅಂತ ಚೀಟಿ ಅಂಟಿಸಿದ. ಜಯ ಸಿಕ್ಕಿತು, ಟಿಕೆಟ್ ಸಿಗಲಿಲ್ಲ. ನ್ಯಾಯ ಅನ್ನುವುದೇ ಹೀಗೆ, ಬೇಕಾದ ಕೌಂಟರಿನಲ್ಲಿ ಸಿಗುವುದೇ ಇಲ್ಲ.

"ಸಂಜೆ ವಿಮಾನದಲ್ಲಿ ಒಂದು ಸೀಟಿದೆ ಸರ್" ಅಂದಳು ಹುಡುಗಿ ಮೆಲ್ಲಗೆ. "ಆದ್ರೆ ಇವತ್ತಿನ ದರ..." ಅಂದವಳು ಬಾಯಲ್ಲಿ ಹೇಳಲಾರದೆ ಚೀಟಿಯ ಮೇಲೆ ಬರೆದು ತಳ್ಳಿದಳು.

ಜೆರಾಕ್ಸ್ ಅಂಗಡಿಯಲ್ಲಿ ಅವನನ್ನು ಸ್ಟೂಲಿನ ಮೇಲೆ ಕೂರಿಸಿದ್ದ ದರಕ್ಕಿಂತ ಅದು ಇನ್ನೂ ಹೆಚ್ಚು. ಮುಳ್ಳಣ್ಣ ಕಂಬಕ್ಕೆ ಒರಗಿ ಹೆಂಡತಿಗೆ ಫೋನ್ ಮಾಡಿ ಎಲ್ಲ ಒದರಿದ. ಬ್ಯಾಂಕಿನಲ್ಲಿ ಅಷ್ಟು ಹಣವೇನೋ ಇತ್ತು. ಗಾಜಿನ ಪೆಟ್ಟಿಗೆಯೊಳಗೆ ಕೂರುವ ಸೂಕ್ಷ್ಮ ತಕ್ಕಡಿಯೊಂದನ್ನು ಕೊಳ್ಳಬೇಕೆಂದು ಎಂಟು ವರ್ಷದಿಂದ ಕೂಡಿಟ್ಟದ್ದು. ಉಸಿರು ಬಿಟ್ಟರೂ ಅಲುಗುವಂಥ ತಕ್ಕಡಿ ಅದು.

"ಮುಗೀತಾ?" ಅಂದಳು ಹೆಂಡತಿ.

"ಏನು ಮುಗೀತಾ? ಹಗಲು ದರೋಡೆ ಕಣೇ ಇದು! ಅದೇ ವಿಮಾನ, ಅದೇ ದಾರಿ..."

"ರೀ, ಹನ್ನೊಂದು ವರ್ಷ ಅಕ್ಕ ತಮ್ಮ ತೂಗಿದ್ದೇ ತೂಗಿದ್ದು. ಈರುಳ್ಳಿ ಆಗಿದ್ರೆ ಇಷ್ಟೊತ್ತಿಗೆ ಮೊಳಕೆ ಬಂದಿರೋದು. ಅತ್ತಿಗೆ ಕಣ್ಣು ಬಿಟ್ಟಾಗ ಎದುರಿಗೆ ಯಾರಿರ್ತಾರೆ, ನೀವಾ, ನಿಮ್ಮ ನ್ಯಾಯವಾ? ಟಿಕೆಟ್ ತಗೊಳ್ರೀ."

ತಗೊಂಡ. ಮಧ್ಯದ ಸೀಟು. ಎಡಕ್ಕೊಂದು ಬಾತುಕೋಳಿ, ಬಲಕ್ಕೊಂದು ಬಾತುಕೋಳಿ. ದಾರಿಯುದ್ದಕ್ಕೂ ಅವನು ಆ ವಿಮಾನದಲ್ಲಿ ಎಷ್ಟು ಜನರಿದ್ದಾರೆಂದು ಎಣಿಸಿದ. ಒಂದು ಸೀಟೂ ಖಾಲಿ ಇರಲಿಲ್ಲ. ಅದು ಅವನ ಸಿಟ್ಟನ್ನು ಇನ್ನೂ ಹೆಚ್ಚಿಸಿತು. ಜೆರಾಕ್ಸ್ ಅಂಗಡಿಯಾಕೆ ಹೇಳಿದ್ದೇ ನಿಜವಾಗಿತ್ತಲ್ಲ.

ಶುಕ್ರವಾರ ಬೆಳಿಗ್ಗೆ ಡಾಕ್ಟರು ಕಟ್ಟು ಬಿಚ್ಚಿದರು. ಅಕ್ಕ ಮೊದಲು ಬೆಳಕಿಗೆ ಕಣ್ಣು ಕಿರಿದು ಮಾಡಿದಳು. ಆಮೇಲೆ ಎದುರಿಗೆ ನಿಂತವನನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಎರಡೆರಡು ಸಲ ನೋಡಿದಳು.

"ಡಾಕ್ಟ್ರೇ, ಏನೋ ಎಡವಟ್ಟಾಗಿದೆ" ಅಂದಳು. "ನಮ್ಮಪ್ಪ ಕಾಣ್ತಿದ್ದಾರೆ."

"ನಾನು ಕಣೇ" ಅಂದ ಮುಳ್ಳಣ್ಣ.

"ನೀನಾ? ಇಷ್ಟು ಮುದುಕನಾಗಿದ್ದೀಯೇನೋ? ಫೋನಲ್ಲಿ ಹೇಳ್ಬಾರ್ದಾ?" ಅಂದವಳು ಅವನ ಕೈಯನ್ನು ಹಿಡಿದುಕೊಂಡು, ಡಾಕ್ಟರು ಕಣ್ಣು ಒದ್ದೆ ಮಾಡಿಕೊಳ್ಳಬೇಡಿ ಅಂದರೂ ಕೇಳದೆ ಬೈಸಿಕೊಂಡಳು. ಮುಳ್ಳಣ್ಣನ ಕಣ್ಣಿಗೆ ಯಾವ ಆಪರೇಷನ್ನೂ ಆಗಿರಲಿಲ್ಲವಾದ್ದರಿಂದ ಅವನನ್ನು ಯಾರೂ ಬೈಯಲಿಲ್ಲ.

ಎಂಟು ದಿನ ಅಲ್ಲಿದ್ದ. ಅವಳ ಅಡುಗೆಮನೆಯ ತಕ್ಕಡಿ ಸರಿಮಾಡಿದ, ಪಕ್ಕದ ಮನೆ ನರ್ಸ್ ಮೈತೂಕ ನೋಡಿಕೊಳ್ಳುವ ತಕ್ಕಡಿಯನ್ನೂ ಸರಿಮಾಡಿದ, ಅವಳ ತೂಕ ಅದರಿಂದ ಎರಡು ಕೆಜಿ ಹೆಚ್ಚಾಗಿ ಅವಳು ಮಾತು ಬಿಟ್ಟಳು. ಹೊರಡುವ ಟಿಕೆಟ್ ಮಾಡಿಸಲು ಹೋದರೆ ಆ ಕಡೆಯಿಂದ ವಿಮಾನಗಳೆಲ್ಲ ಇನ್ನೂ ಖಾಲಿ. ಅವನು ಹೋಗಲು ಕೊಟ್ಟ ದುಡ್ಡಿನಲ್ಲಿ ನಾಲ್ಕು ಜನ ಕಾಲು ಚಾಚಿಕೊಂಡು ಬರಬಹುದಿತ್ತು.

"ಅಕ್ಕ, ನೀನೂ ಹೊರಡು. ಈ ಅನ್ಯಾಯವನ್ನ ಒಬ್ಬನೇ ಹೊತ್ಕೊಂಡು ಹೋದ್ರೆ ನಂಗೆ ಜೀರ್ಣ ಆಗಲ್ಲ. ಹೋಗೋ ತಟ್ಟೇಲಿ ನಾನೊಬ್ಬ, ಬರೋ ತಟ್ಟೇಲಿ ನಾವಿಬ್ರು. ಒಂಚೂರಾದ್ರೂ ಸಮ ಆಗ್ಲಿ."

"ಹಾಗಾದ್ರೆ ಇದು ನನ್ನ ಸರದಿ ಅಂತ ಎಣಿಸ್ತೀಯಾ?"

"ಬಾಯಿ ಮುಚ್ಕೊಂಡು ಬಟ್ಟೆ ತುಂಬಿಕೋ."

ಹೀಗೆ ಅಕ್ಕ ಬಂದಳು. ಡಾಕ್ಟರು ಎಡಗಣ್ಣಿಗೆ ಮೂರು ತಿಂಗಳು ಬಿಟ್ಟು ಬನ್ನಿ ಅಂದಿದ್ದರಿಂದ ಆ ಕಡೆಯ ಅವಸರವೇನೂ ಇರಲಿಲ್ಲ. ಒಂದು ವಾರ ಇದ್ದು ಹೋಗುತ್ತೇನೆ ಅಂದವಳು, ಇಲ್ಲಿಂದ ವಾಪಸ್ ಹೋಗುವ ದರ ಕೇಳಿ ತಮ್ಮನಿಗಿಂತ ಜೋರಾಗಿ ಹೌಹಾರಿದಳು. "ಇಳಿಯೋವರೆಗೂ ನಾನು ಕದಲಲ್ಲ" ಅಂದಳು.

ಇಳಿಯಲಿಲ್ಲ. ಅಕ್ಕ ಕದಲಲಿಲ್ಲ. ಒಂದು ಕಣ್ಣಿನಲ್ಲಿ ಅಷ್ಟೂ ಜಗತ್ತನ್ನು ನೋಡಿ, ನೋಡಿದ್ದಕ್ಕೆಲ್ಲ ಒಂದೊಂದು ಮಾತು ಹೇಳಿದಳು. ಅಂಗಡಿಗೆ ಬಂದು ನಲವತ್ತು ವರ್ಷದಿಂದ ಒಂದೇ ಕಡೆ ಬಿದ್ದಿದ್ದ ಸ್ಪ್ರಿಂಗು, ಸರಪಳಿ, ಕೊಕ್ಕೆಗಳನ್ನೆಲ್ಲ ಡಬ್ಬಿಗಳಿಗೆ ಹಾಕಿ ಚೀಟಿ ಅಂಟಿಸಿದಳು. ಮುಳ್ಳಣ್ಣನಿಗೆ ಒಂದೂ ಸಿಗದೆ ತಲೆ ಕೆಟ್ಟುಹೋಯಿತು. ಗಿರಾಕಿಗಳ ಜೊತೆ ಇವನಿಗಿಂತ ಮೊದಲು ಅವಳೇ ಮಾತಾಡುತ್ತಿದ್ದಳು. ಬೆಳಿಗ್ಗೆ ರೇಡಿಯೋ ಹಾಕುತ್ತಿದ್ದಳು, ಅವನ ಕುರ್ಚಿಯಲ್ಲಿ ಕೂರುತ್ತಿದ್ದಳು, ಅತ್ತಿಗೆ ನಾದಿನಿ ಇಬ್ಬರೂ ಸೇರಿ ಅವನ ಮೇಲೆ ನಗುತ್ತಿದ್ದರು. "ಯಾವಾಗಮ್ಮ ಇಳಿಯುತ್ತೆ ಆ ದರ?" ಅಂತ ದಿನಾ ಜೆರಾಕ್ಸ್ ಅಂಗಡಿಯಾಕೆಯನ್ನು ಕೇಳಿಕೇಳಿ ಅವಳ ಪ್ರಾಣ ತಿಂದ. "ರಜೆ ಮುಗೀಲಿ ಅಣ್ಣ, ಎಲ್ರೂ ಈ ಕಡೆ ವಾಪಸ್ ಬರ್ತಾರೆ, ಆಗ ಆ ಕಡೆ ಹೋಗೋದು ಅಗ್ಗ" ಅಂತ ಅವಳು ದಿನಾ ಅದನ್ನೇ ಹೇಳಿದಳು.

ರಜೆ ಮುಗಿಯಿತು.

ಅವತ್ತು ಮುಳ್ಳಣ್ಣ ತರಕಾರಿಯವಳ ತಕ್ಕಡಿ ರಿಪೇರಿ ಮಾಡಿ, ತಟ್ಟೆ ಅದಲು ಬದಲು ಮಾಡಿ ನೋಡುತ್ತಿದ್ದ. ಅಕ್ಕ ಪಕ್ಕದಲ್ಲಿ ಕೂತು, ಹೊಸ ಕಣ್ಣಿಗೆ ಅಭ್ಯಾಸವಾಗಲಿ ಅಂತ ಡಬ್ಬಿಗಳ ಮೇಲಿನ ತನ್ನದೇ ಚೀಟಿಗಳನ್ನು ಗಟ್ಟಿಯಾಗಿ ಓದುತ್ತಿದ್ದಳು. ಜೆರಾಕ್ಸ್ ಅಂಗಡಿಯಾಕೆ ಬಾಗಿಲಿಗೆ ಬಂದು, ಅಕ್ಕನಿಗೆ ಕೇಳದ ಹಾಗೆ ಮುಳ್ಳಣ್ಣನ ಕಿವಿಯ ಹತ್ತಿರ ಬಗ್ಗಿ, "ಅಣ್ಣ, ಇಳಿದಿದೆ. ಮೂರರಲ್ಲಿ ಒಂದು ಪಾಲು. ಹಾಕ್ಲಾ?" ಅಂದಳು.

ಎರಡು ತಿಂಗಳಿಂದ ಕಾದಿದ್ದ ಮಾತು. ಮುಳ್ಳಣ್ಣ ತಕ್ಕಡಿ ನೋಡಿದ. ಡಬ್ಬಿಗಳನ್ನು ನೋಡಿದ. ಅವನ ಕುರ್ಚಿಯಲ್ಲಿ ಹಾಯಾಗಿ ಕೂತು 'ದೊಡ್ಡ ಕೊಕ್ಕೆ, ಸಣ್ಣ ಕೊಕ್ಕೆ' ಅಂತ ಓದುತ್ತಿದ್ದವಳನ್ನು ನೋಡಿದ. ಅವಳ ತಲೆಯಲ್ಲಿ ಕಪ್ಪು ಕೂದಲು ಒಂದೂ ಉಳಿದಿರಲಿಲ್ಲ.

"ಏನಂತೋ? ಎಷ್ಟಾಗಿದೆಯಂತೆ?" ಅಂದಳು ಅಕ್ಕ.

"ಇನ್ನೂ ಏರಿದೆಯಂತೆ ಕಣೇ" ಅಂದ ಮುಳ್ಳಣ್ಣ. "ಹಗಲು ದರೋಡೆಕೋರರು. ಏನು ಮಾಡೋಕಾಗುತ್ತೆ."

ಜೆರಾಕ್ಸ್ ಅಂಗಡಿಯಾಕೆ ಬಾಯಿ ತೆರೆದಳು. ಆಮೇಲೆ, ಜೀವನದಲ್ಲಿ ಎರಡನೆಯ ಬಾರಿಗೆ, ಸುಮ್ಮನಾದಳು.

ಅಕ್ಕ ಓದುವುದು ನಿಲ್ಲಿಸಿ ಬಗ್ಗಿ ತಕ್ಕಡಿಯನ್ನೇ ನೋಡಿದಳು. "ಲೋ, ನಿನ್ನ ಮುಳ್ಳು ಓರೆಯಾಗಿದೆಯಲ್ಲೋ."

"ಗಾಳಿ."

"ಗಾಳಿಗೆ ಉಗುರಿರುತ್ತೇನೋ?"

ಆಗಲೇ ಮುಳ್ಳಣ್ಣ ನೋಡಿಕೊಂಡದ್ದು. ಅವನ ಹೆಬ್ಬೆರಳು ತಟ್ಟೆಯ ಅಂಚನ್ನು ಒತ್ತಿ ಹಿಡಿದಿತ್ತು. ತೆಗೆಯಬೇಕೆಂದುಕೊಂಡ. ತೆಗೆಯಲಿಲ್ಲ.

"ಸರಿಯಪ್ಪ, ಏರಿದ್ರೆ ಏರಲಿ" ಅಂದಳು ಅಕ್ಕ, ಮತ್ತೆ ಡಬ್ಬಿಯ ಕಡೆ ತಿರುಗುತ್ತಾ. "ಮುಂದಿನ ವಾರ ಇನ್ನೊಂದ್ಸಲ ಕೇಳು. ಅಲ್ಲೀವರೆಗೂ ಆ ರೇಡಿಯೋ ಸ್ವಲ್ಪ ಜೋರು ಮಾಡು."